ಬಾವಿ ದಂಡೆಯ ಹುಕ್ಕಾ

ಕುಡಿಯುವವರಿಗೆ ಬುದ್ಧಿ ಹೇಳುವ ಚಟ ನನಗೆ ಇಪ್ಪತ್ತನೆಯ ವಯಸ್ಸಿಗೇ ಅಂಟಿಕೊಂಡಿತ್ತು. ಸೇಂದಿಗಿಂತ ಕೆಟ್ಟ ಚಟ ಅದು. ಸೇಂದಿಯ ನಶೆ ಬೆಳಗಾದರೆ ಇಳಿಯುತ್ತದೆ. ಬುದ್ಧಿ ಹೇಳುವವನ ನಶೆ ಇಳಿಯುವುದಕ್ಕೆ ನನ್ನ ವಿಷಯದಲ್ಲಿ ಒಂದು ಬಾವಿ ಬೇಕಾಯಿತು.

ಪೊಲೀಸ್ ಆ್ಯಕ್ಷನ್ ಮುಗಿದು ನಾಲ್ಕು ವರ್ಷವಾಗಿರಬೇಕು. ಪಾಮನಕಲ್ಲೂರಿನಿಂದ ಮಸ್ಕಿಗೆ ಹೋಗುವ ದಾರಿಯ ಪಕ್ಕದ ನಮ್ಮ ಹೊಲದಲ್ಲಿ ಅಪ್ಪ ಬಾವಿ ತೆಗೆಸುತ್ತಿದ್ದ. ಮೊದಲ ಮೂರು ಆಳುದ್ದ ಎರೆಮಣ್ಣು, ಆಮೇಲೆ ಒಂದಿಷ್ಟು ಗರಸು, ಅಲ್ಲಿಂದ ಕೆಳಗೆ ಬರೀ ಕರಿಕಲ್ಲು. ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತೇ ಹೊರತು ಚಕ್ಕೆ ಏಳುತ್ತಿರಲಿಲ್ಲ. ಮದ್ದು ಹಾಕಿ ಹಾರಿಸದೆ ಗತಿಯಿರಲಿಲ್ಲ. ಆ ಕೆಲಸ ನಮ್ಮ ಕಡೆ ಬಲ್ಲವನು ಒಬ್ಬನೇ, ನನ್ನ ಸೋದರಮಾವನ ಮಗ. ನನಗಿಂತ ನಾಲ್ಕು ವರ್ಷ ದೊಡ್ಡವನು, ನಾನು ಅವನನ್ನು ಭಾವ ಎನ್ನುತ್ತಿದ್ದೆ. ಲಿಂಗಸುಗೂರಿನ ಆಚೆ ಗಣಿಯಲ್ಲಿ ಎರಡು ವರ್ಷ ಇದ್ದು ಕೆಲಸ ಕಲಿತು ಬಂದಿದ್ದ. ಮದ್ದು ಇಟ್ಟುಕೊಳ್ಳುವ ಪರವಾನಗಿ ಆ ಕಾಲದಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ. ಲಿಂಗಸುಗೂರಿನ ಕಚೇರಿಗೆ ಹತ್ತು ಸಲ ಅಲೆದು ಅದನ್ನು ತನ್ನ ಹೆಸರಿಗೆ ಮಾಡಿಸಿಕೊಂಡಿದ್ದ. ಅವನು ಬಂದ ಎಂದರೆ ಹೊಲದ ದಾರಿಯಲ್ಲಿ ಜನ ಸರಿದು ನಿಲ್ಲುತ್ತಿದ್ದರು. ಇಪ್ಪತ್ನಾಲ್ಕು ವಯಸ್ಸಿನ ಹುಡುಗನಿಗೆ ಅಂಥ ಇಜ್ಜತ್ತು ನಮ್ಮಲ್ಲಿ ಮತ್ತೆ ಯಾವ ಕೆಲಸದಲ್ಲೂ ಇರಲಿಲ್ಲ.

ಅವನು ಕೆಲಸ ಮಾಡುವ ಬಗೆಯನ್ನು ಹೇಳಿಬಿಡುತ್ತೇನೆ. ಕಲ್ಲಿನಲ್ಲಿ ಐದು ಕುಳಿ ಕೊರೆದು, ಮದ್ದು ತುಂಬಿ, ಬತ್ತಿ ಇಟ್ಟು, ಮೇಲೆ ಮಣ್ಣು ಜಡಿದು ಎಲ್ಲರೂ ಮೇಲಕ್ಕೆ ಬರುತ್ತಿದ್ದರು. ಆಮೇಲೆ ಭಾವ ಒಬ್ಬನೇ ಇಳಿಯಬೇಕು. ರಾಟೆಗೆ ಹಾಕಿದ ಹಗ್ಗದ ತುದಿಗೆ ಒಂದು ಹಲಗೆ. ಅದರ ಮೇಲೆ ಕೂತು, ಕೈಯಲ್ಲಿ ಹುಕ್ಕಾದ ಚಿಲುಮೆ ಹಿಡಿದು ಇಳಿಯುತ್ತಿದ್ದ. ಬೆಂಕಿಕಡ್ಡಿ ಬಾವಿಯೊಳಗಿನ ಗಾಳಿಗೆ ಆರಿಬಿಡುತ್ತದೆ; ಚಿಲುಮೆಯ ಕೆಂಡ ಆರುವುದಿಲ್ಲ, ಊದಿದಷ್ಟೂ ಕೆಂಪಾಗುತ್ತದೆ. ಮೊದಲು ಉದ್ದದ ಬತ್ತಿ, ಕಡೆಗೆ ಗಿಡ್ಡದ್ದು, ಹೀಗೆ ಐದಕ್ಕೂ ಕೆಂಡ ಮುಟ್ಟಿಸಿ ಹಗ್ಗವನ್ನು ಮೂರು ಸಲ ಜಗ್ಗಿದರೆ ಮೇಲಿನ ನಾಲ್ವರು ಎಳೆದುಕೊಳ್ಳಬೇಕು. ಎಲ್ಲರೂ ಬೇವಿನ ಮರದಾಚೆ ಓಡಿ ಕವುಚಿ ಮಲಗಿ ಸದ್ದು ಎಣಿಸುತ್ತಿದ್ದೆವು. ಐದು ಆದರೆ ಏಳುವುದು. ಹೀಗಾಗಿ ಬಾವಿಯ ದಂಡೆಯ ಮೇಲೆ ಹುಕ್ಕಾ ಯಾವಾಗಲೂ ಹೊಗೆಯಾಡುತ್ತಲೇ ಇರುತ್ತಿತ್ತು. ಹಾರೆ, ಬುಟ್ಟಿ, ಹಗ್ಗದ ಜೊತೆ ಅದೂ ಒಂದು ಸಾಮಾನು.

ಸೇಂದಿಯೂ ಇತ್ತು. ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ಗಡಿಗೆ ಬರುತ್ತಿತ್ತು. ನಾವು ಮೂವರು ಒಂದೇ ವಾರಿಗೆಯವರು ಅದರ ಸುತ್ತ ಕೂಡುತ್ತಿದ್ದೆವು: ಭಾವ, ನಾನು, ಮತ್ತು ಹಗ್ಗ ಎಳೆಯುವವರ ಮುಂದಾಳಾಗಿದ್ದ ಸಾಲಗುಂದದವನು. ಸಾಲಗುಂದದವನು ಕುಡಿಯುತ್ತಿದ್ದದ್ದು ನಗುವುದಕ್ಕೆ. ಕುಡಿಯದೆಯೂ ನಗುತ್ತಿದ್ದ, ಕುಡಿದರೆ ತನ್ನ ಮಾತಿಗೆ ತಾನೇ ಬಿದ್ದುಬಿದ್ದು ನಗುತ್ತಿದ್ದ. ನಾನು ಕುಡಿಯುತ್ತಿದ್ದದ್ದು ಅವರಿಬ್ಬರೂ ಕುಡಿಯುತ್ತಾರಲ್ಲ ಎಂದು. ನನ್ನನ್ನು ಬಿಟ್ಟು ಅವರು ಗುಟ್ಟು ಮಾತಾಡಿಬಿಟ್ಟರೆ ಎಂಬ ಸಣ್ಣ ಬುದ್ಧಿ. ರುಚಿ ನನಗೆ ಹಿಡಿಸುತ್ತಲೇ ಇರಲಿಲ್ಲ. ಭಾವ ಯಾಕೆ ಕುಡಿಯುತ್ತಿದ್ದ ಎಂದು ನಾನು ಆಗ ಯೋಚನೆ ಮಾಡಲಿಲ್ಲ. ಗಟ್ಟಿ ಆಳು, ಗಂಡೆದೆಯವ, ಕುಡಿಯುತ್ತಾನೆ ಎಂದುಕೊಂಡಿದ್ದೆ. ಕುಡಿದು ಹಾಡುತ್ತ ಬಾವಿಗೆ ಇಳಿಯುತ್ತಿದ್ದ, ಹಾಡುತ್ತಲೇ ಮೇಲೆ ಬರುತ್ತಿದ್ದ. ಅವನ ಹಾಡು ಕೇಳಿ ನಮಗೂ ಧೈರ್ಯ ಬರುತ್ತಿತ್ತು.

ನನ್ನ ತಂಗಿಗೆ ಆಗ ಹದಿನೆಂಟು. ಭಾವನಿಗೇ ಅವಳು ಎಂದು ಅವಳು ಹುಟ್ಟಿದಾಗಿನಿಂದ ಮನೆಯಲ್ಲಿ ಮಾತಿತ್ತು. ಅವಳಿಗೂ ಬೇರೆ ಮನಸ್ಸಿರಲಿಲ್ಲ. ಅವನು ಊರಿಗೆ ಬಂದ ದಿನ ಅವಳು ಬಡಿಯುವ ರೊಟ್ಟಿಯ ಸದ್ದೇ ಬೇರೆ ಇರುತ್ತಿತ್ತು, ನಾನು ರೇಗಿಸಿದರೆ ಸಟ್ಟುಗ ಎತ್ತಿಕೊಂಡು ಬರುತ್ತಿದ್ದಳು. ಆದರೆ ಅಪ್ಪ ದಿನಕ್ಕೆ ಮೂರು ಹೊತ್ತು ಲಿಂಗಪೂಜೆ ಮಾಡುವ ಮನುಷ್ಯ. ಸೇಂದಿಯ ಹೆಸರು ಕಿವಿಗೆ ಬಿದ್ದರೆ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಹುಕ್ಕಾಕ್ಕೆ ಮಾತ್ರ ಅವನ ತಕರಾರಿರಲಿಲ್ಲ. ತಾನೇ ಊಟವಾದ ಮೇಲೆ ಪಡಸಾಲೆಯಲ್ಲಿ ಕೂತು ಗುಡುಗುಡು ಎನ್ನಿಸುತ್ತಿದ್ದ. ಸೇಂದಿ ಕುಡಿಯುವವರು ಕೆಟ್ಟವರು, ಹುಕ್ಕಾ ಸೇದುವವರು ದೊಡ್ಡ ಮನುಷ್ಯರು, ಇದು ಅವನ ಲೆಕ್ಕ. ಒಂದು ದಿನ ಯಾರೋ ಚಾಡಿ ಹೇಳಿದರು. ಅಪ್ಪ ನನ್ನನ್ನು ಕರೆದು, “ನಿಮ್ಮ ಮಾವನ ಮಗ ಕುಡೀತಾನಂತ. ಖರೇನು?” ಎಂದ. ನಾನು ನೆಲ ನೋಡಿದೆ.

“ಕುಡಿಯೋವನ ಕೈಯಾಗ ನಾ ಮಗಳ್ನ ಕೊಡಂಗಿಲ್ಲ. ಬಾವಿ ಮುಗಿಯೂತನ ನೋಡ್ತೀನಿ. ಬಿಟ್ರ ನಿಶ್ಚಯ ಮಾಡೂಣು. ಬಿಡ್ಲಿಲ್ಲ ಅಂದ್ರ ಅವಗ ಈ ಮನಿ ಬಾಗಲಾ ಮುಚ್ಚಿತು ಅಂತ ತಿಳಕೊ.”

ನಾನು ಮರುದಿನವೇ ಭಾವನನ್ನು ಬೇವಿನ ಮರದ ಕೆಳಗೆ ಕೂರಿಸಿಕೊಂಡು ಅರ್ಧ ತಾಸು ಮಾತಾಡಿದೆ. ಎಷ್ಟು ಚೆನ್ನಾಗಿ ಮಾತಾಡಿದೆನೆಂದರೆ ನನಗೇ ಕಣ್ಣಲ್ಲಿ ನೀರು ಬಂತು. ಅವನು ಹುಲ್ಲುಕಡ್ಡಿ ಮುರಿಯುತ್ತ ಕೇಳಿದ. “ನೀ ಅನ್ನೂದು ಖರೇ ಐತಿ. ಆದ್ರ ಇಳಿಯೂ ಮೊದಲ ಒಂದೀಟು…” ಎಂದು ಶುರು ಮಾಡಿದ. ನಾನು ಮುಗಿಸಲು ಬಿಡಲಿಲ್ಲ. “ಒಂದೀಟೂ ಬ್ಯಾಡ ಭಾವಾ. ನಾ ಬಿಟ್ಟೀನಿ, ನಿನಗೇನು ಧಾಡಿ?” ಎಂದೆ. ಇಷ್ಟವಿಲ್ಲದ್ದನ್ನು ಬಿಟ್ಟು ದೊಡ್ಡದೇನೋ ಬಿಟ್ಟವನ ಹಾಗೆ ಎದೆಯುಬ್ಬಿಸಿದ್ದೆ. ಅವನು ಎದ್ದು ಕುಡಿಯಲು ತಂದಿಟ್ಟ ಕೊಡದ ನೀರಿನಲ್ಲಿ ಕೈ ತೊಳೆದು ಬಂದ. ಅಂಗಿಯೊಳಗಿನಿಂದ ಕರಡಿಗೆ ತೆಗೆದು, ಲಿಂಗವನ್ನು ಅಂಗೈ ಮೇಲೆ ಇಟ್ಟುಕೊಂಡು ಆಣೆ ಮಾಡಿದ. ಇನ್ನು ಮುಟ್ಟುವುದಿಲ್ಲ ಎಂದ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಆಣೆಯಿಲ್ಲ. ನಾನು ಓಡಿಹೋಗಿ ಅಪ್ಪನಿಗೆ ಹೇಳಿದೆ. ಹೇಳಬಾರದಿತ್ತು. ಅದು ನಮ್ಮಿಬ್ಬರ ನಡುವೆ ಇದ್ದಿದ್ದರೆ ಮುಂದೆ ಇಷ್ಟು ಕೆಡುತ್ತಿರಲಿಲ್ಲ.

ಗಡಿಗೆ ಬರುವುದು ನಿಂತಿತು. ಸಾಲಗುಂದದವನು ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದ. ಮೂರನೆಯ ದಿನ ಹುಕ್ಕಾದ ಸುತ್ತ ಕೂತು ಎಂದಿನಂತೆ ನಗತೊಡಗಿದ. ಸೇಂದಿ ಇಲ್ಲದಿದ್ದರೆ ಹುಕ್ಕಾ, ಹುಕ್ಕಾ ಇಲ್ಲದಿದ್ದರೆ ಬೀಡಿ. ಅವನಿಗೆ ಬೇಕಾದದ್ದು ನಾಲ್ಕು ಜನ ಸುತ್ತ ಕೂಡುವುದು. ನಾನೂ ಎರಡು ದಮ್ಮು ಎಳೆದು ಕೆಮ್ಮಿ ನಳಿಗೆಯನ್ನು ಮುಂದೆ ದಾಟಿಸುತ್ತಿದ್ದೆ. ಭಾವ ಹಾಗಲ್ಲ. ಎಲ್ಲರೂ ಸೇದಿ ಎದ್ದ ಮೇಲೆ ಅವನು ಚಿಲುಮೆಗೆ ಹೊಸದಾಗಿ ಗುಡಾಕು ತಂಬಾಕು ತುಂಬಿ, ಹುಕ್ಕಾವನ್ನು ಮರದ ಆಚೆಗೆ ಒಯ್ದು, ನಮಗೆ ಬೆನ್ನು ಹಾಕಿ ಒಬ್ಬನೇ ಕೂಡುತ್ತಿದ್ದ. ಮೊದಲು ಇಳಿಯುವ ಮುಂಚೆ ಒಂದು ಚಿಲುಮೆ. ಆಮೇಲೆ ಎರಡು. ನೀರಿನ ಗುಡುಗುಡು ನಿಲ್ಲುವತನಕ ನಾವು ಕಾಯಬೇಕು. ಕೂಲಿಯವರು ಬೇಸರಪಟ್ಟುಕೊಂಡರೂ ಮಾತಾಡುತ್ತಿರಲಿಲ್ಲ. ಅವನ ಕಣ್ಣು ಕೆಂಪಾಗಿ, ತುಟಿ ಒಣಗಿರುತ್ತಿತ್ತು; ನಮ್ಮ ಮನೆಯಿಂದ ಬಂದ ಬುತ್ತಿಯನ್ನು ಅರ್ಧ ಬಿಟ್ಟು ಏಳುತ್ತಿದ್ದ. ಇಳಿಯುವಾಗ ಹಾಡು ಇರಲಿಲ್ಲ. ಸಿಂಧನೂರಿನ ಸಂತೆಯಿಂದ ತರಿಸುತ್ತಿದ್ದ ಗುಡಾಕು ತಿಂಗಳಿಗೆ ಬರುವಂಥದ್ದು ವಾರಕ್ಕೇ ಮುಗಿಯತೊಡಗಿತು.

ಒಂದು ದಿನ ಸಾಲಗುಂದದವನು ನನ್ನ ಪಕ್ಕ ಕೂತು, ಆ ದಿನ ನಗದೆ, ಮೆಲ್ಲಗೆ ಹೇಳಿದ: “ಸಾವಕಾರ್ರ, ಒಂದ ಮಾತು. ನಾ ಕುಡಿಯೂದೂ ಚೈನಿಗೆ, ಸೇದೂದೂ ಚೈನಿಗೆ. ಇಂವ ಹಂಗಲ್ಲ. ಆಗ ಕುಡೀತಿದ್ದದ್ದು ಯಾವುದಕ್ಕೋ, ಈಗ ಸೇದೂದೂ ಅದಕ್ಕ. ಏನೋ ಒಂದು ಒಳಗ ಕುಂತೈತಿ ನೋಡ್ರಿ.”

“ಬಾಯ್ಮುಚ್ಚಲೇ,” ಎಂದೆ. “ಅವ ಬಿಟ್ಟಾನಲ್ಲ, ಅದು ನಿನಗ ಹೊಟ್ಟಿಯುರಿ.” ಅವನು ಎದ್ದುಹೋದ. ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಒಂದೇ, ಭಾವ ಸೇಂದಿ ಬಿಟ್ಟ, ನಾನು ಬಿಡಿಸಿದೆ. ತಂಗಿಯ ಮದುವೆ ನನ್ನ ಬುದ್ಧಿವಾದದಿಂದ ಆಯಿತು ಎಂದು ನಾಳೆ ಊರು ಹೇಳುತ್ತದೆ. ಆ ಸಂತೋಷದಲ್ಲಿ ಮುಳುಗಿದ್ದೆ.

ಏಳು ಆಳಿನ ಆಳಕ್ಕೆ ಕಲ್ಲಿನ ಸಂದಿಯಲ್ಲಿ ನೀರು ಜಿನುಗಿತು. ಇನ್ನೊಂದು ಸಲ ಹಾರಿಸಿದರೆ ಸೆಲೆ ಒಡೆಯುತ್ತದೆ ಎಂದು ಎಲ್ಲರಿಗೂ ಗೊತ್ತಾಯಿತು. ಅಪ್ಪ ಹಿಗ್ಗಿದ. ಕಡೆಯ ಮದ್ದು ಹಾರಿಸುವ ದಿನ ತಾನೇ ಬರುತ್ತೇನೆ, ಅಲ್ಲೇ ಎಲ್ಲರ ಮುಂದೆ ನಿಶ್ಚಯದ ಮಾತು ಆಡುತ್ತೇನೆ ಎಂದ. ಬೆಳಿಗ್ಗೆ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಊರಿನ ಇಬ್ಬರು ಹಿರಿಯರ ಜೊತೆ ಬಂಡಿಯಲ್ಲಿ ಬಂದಿಳಿದ. ಕಂಬಳಿ ಹಾಸಿದೆವು. ಅಪ್ಪ ಕೂತ, ಹುಕ್ಕಾ ಕಂಡ, ನಳಿಗೆ ಎಳೆದುಕೊಂಡ.

ನನಗೆ ಆ ಕ್ಷಣ ಏನೂ ಹೊಳೆಯಲಿಲ್ಲ. ಹಿರಿಯರ ಮುಂದೆ ಕಿರಿಯರು ಸೇದುವುದಿಲ್ಲ, ಅದರಲ್ಲೂ ಹೆಣ್ಣು ಕೊಡುವ ಮಾವನ ಮುಂದೆ ಅಳಿಯ ನಳಿಗೆಗೆ ಬಾಯಿ ಹಚ್ಚುವುದುಂಟೇ? ಇದು ಯಾರೂ ಹೇಳಿಕೊಡಬೇಕಾದ ಮಾತಲ್ಲ. ಭಾವ ಕೈಕಟ್ಟಿಕೊಂಡು ನಿಂತಿದ್ದ. ಅಪ್ಪ ಆರಾಮಾಗಿ ಹೊಗೆ ಬಿಡುತ್ತ ಹಿರಿಯರಿಗೆ ಬಾವಿಯ ಕಥೆ ಹೇಳುತ್ತಿದ್ದ. ಭಾವ ಎರಡು ಸಲ ಮರದಾಚೆಗೆ ಹೋಗಿ ಬರಿಗೈಯಲ್ಲಿ ವಾಪಸ್ ಬಂದ. ಇದ್ದದ್ದು ಒಂದೇ ಹುಕ್ಕಾ. ನನ್ನ ಹತ್ತಿರ ಬಂದು, “ನೀ ಮಾವಗ ನೀರು ತೋರಸಾಕ ಬಾವಿ ಆ ಕಡಿ ಕರ್ಕೊಂಡು ಹೋಗಲೇ. ಒಂದ ಗಳಿಗಿ,” ಎಂದ. ಅವನ ಅಂಗಿಯ ಬೆನ್ನು ಬೆವರಿಗೆ ಅಂಟಿಕೊಂಡಿತ್ತು. ಬಿಸಿಲು ಇನ್ನೂ ಏರಿರಲಿಲ್ಲ.

“ಸುಮ್ನಿರು ಭಾವಾ, ಚಿಂತಿ ಮಾಡಬ್ಯಾಡ, ಅಪ್ಪ ಖುಷಿಯೊಳಗದಾನ,” ಎಂದೆ. ಅವನು ಮದುವೆ ಮಾತಿಗೆ ನಾಚುತ್ತಿದ್ದಾನೆ ಎಂದುಕೊಂಡಿದ್ದೆ. ನನ್ನಂಥ ಹೆಡ್ಡ ಆ ಹೊಲದಲ್ಲಿ ಇನ್ನೊಬ್ಬನಿರಲಿಲ್ಲ.

ಕುಳಿ ತುಂಬಿದ್ದಾಯಿತು, ಎಲ್ಲರೂ ಮೇಲೆ ಬಂದರು. ಅಪ್ಪ ಚಿಲುಮೆಯ ಕೆಂಡವನ್ನು ತಾನೇ ಊದಿ ಕೆಂಪು ಮಾಡಿ, ಎರಡು ಕೈಯಿಂದ ಎತ್ತಿ ಭಾವನ ಕೈಗೆ ಕೊಟ್ಟ. “ಶಿವನ ನೆನಸಿ ಇಳೀಪಾ,” ಎಂದ. ಭಾವ ಹಲಗೆಯ ಮೇಲೆ ಕೂತ. ರಾಟೆ ಕಿರುಗುಟ್ಟಿತು. ನಾನು ದಂಡೆಯಲ್ಲಿ ಹೊಟ್ಟೆಯ ಮೇಲೆ ಮಲಗಿ ಕೆಳಗೆ ನೋಡುತ್ತಿದ್ದೆ.

ಕತ್ತಲಲ್ಲಿ ಕೆಂಡ ಒಂದು ಚುಕ್ಕೆಯಷ್ಟು ಕಾಣುತ್ತಿತ್ತು. ಅದು ಮೊದಲನೆಯ ಬತ್ತಿಗೆ ಮುಟ್ಟಿತು, ಚುರ್ ಎಂದು ಕಿಡಿ ಎದ್ದಿತು. ಎರಡನೆಯದಕ್ಕೆ ಮುಟ್ಟಲು ಬಹಳ ಹೊತ್ತು ಹಿಡಿಯಿತು. ಚುಕ್ಕೆ ನಡುಗುತ್ತಿರುವುದು ಅಷ್ಟು ಎತ್ತರಕ್ಕೂ ಗೊತ್ತಾಗುತ್ತಿತ್ತು. ಎರಡನೆಯದೂ ಹೊತ್ತಿತು. ಆಮೇಲೆ ಕೆಂಡ ಅಲುಗಲಿಲ್ಲ. ನಾನು ಕಾದೆ. ಎರಡು ಬತ್ತಿಗಳು ಉರಿಯುತ್ತಲೇ ಇದ್ದವು, ಹಗ್ಗ ಸಡಿಲವಾಗಿ ತೂಗುತ್ತಿತ್ತು.

“ಭಾವಾ!” ಎಂದು ಕೂಗಿದೆ. “ಭಾವಾ, ಹಲಗಿ ಮ್ಯಾಲ ಕುಂಡ್ರು! ಉಳದದ್ದು ಬಿಡು!” ನನ್ನ ಕೂಗೇ ತಿರುಗಿ ಬಂತು. ಅಪ್ಪ ಎದ್ದು ನಿಂತ. ಸಾಲಗುಂದದವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. “ಹಗ್ಗ ಬಿಗಿಹಿಡೀರಿ,” ಎಂದು ಅವನೇ ಉಳಿದವರಿಗೆ ಹೇಳಿದ. ನಾನು ಹಗ್ಗ ಹಿಡಿದು ಜಾರಿದೆ.

ಧೈರ್ಯದಿಂದ ಜಾರಿದೆ ಎಂದು ಯಾರೂ ತಿಳಿಯಬಾರದು. ಯೋಚನೆಗೆ ಹೊತ್ತಿದ್ದರೆ ನಾನು ಇಳಿಯುತ್ತಿರಲಿಲ್ಲ. ಅಂಗೈ ಸುಲಿದು ಉರಿಯತೊಡಗಿದಾಗಲೇ ನಾನು ಎಲ್ಲಿದ್ದೇನೆ ಎಂದು ತಿಳಿದದ್ದು. ಕೆಳಗೆ ಮದ್ದಿನ ವಾಸನೆ, ಪಾದದ ಮೇಲೆ ತಣ್ಣೀರು. ಭಾವ ಕಲ್ಲಿಗೆ ಬೆನ್ನು ಒತ್ತಿ ನಿಂತಿದ್ದ. ಒಂದು ಕೈಯಲ್ಲಿ ಚಿಲುಮೆ, ಇನ್ನೊಂದು ಕೈ ಎದೆಯ ಮೇಲಿನ ಕರಡಿಗೆಯನ್ನು ಹಿಡಿದಿತ್ತು. ಕಣ್ಣು ತೆರೆದೇ ಇದ್ದವು, ನನ್ನನ್ನು ನೋಡುತ್ತಿರಲಿಲ್ಲ. ಹಲ್ಲು ಕಟಕಟ ಎನ್ನುತ್ತಿದ್ದವು. ಇಂಥ ಅಂಜಿಕೆಯನ್ನು ನಾನು ಮನುಷ್ಯನ ಮುಖದ ಮೇಲೆ ಅದುವರೆಗೆ ಕಂಡಿರಲಿಲ್ಲ.

ನಾನು ಕೆನ್ನೆಗೆ ಹೊಡೆದೆ. ಅವನನ್ನು ಎಳೆದು ಹಲಗೆಯ ಮೇಲೆ ಕೂರಿಸಿ, ಎದುರಿಗೆ ಹಗ್ಗ ತಬ್ಬಿ ನಿಂತು ಮೂರು ಸಲ ಜಗ್ಗಿದೆ. ಇಬ್ಬರ ಭಾರಕ್ಕೆ ರಾಟೆ ಒಮ್ಮೆ ನಿಂತು, ಮತ್ತೆ ತಿರುಗಿತು. ಕೆಳಗೆ ಎರಡು ಕಿಡಿಗಳು ಗಿಡ್ಡವಾಗುತ್ತಿದ್ದವು. ಅವನ ಮುಖ ನನ್ನ ಮುಖಕ್ಕೆ ತಾಗುವಷ್ಟು ಹತ್ತಿರವಿತ್ತು. ಉಸಿರಿನಲ್ಲಿ ಸೇಂದಿಯ ವಾಸನೆಯ ಸುಳಿವೂ ಇರಲಿಲ್ಲ. ಆ ದಿನ ಹೊಗೆಯದೂ ಇರಲಿಲ್ಲ.

“ಮೊದಲನೇ ದಿನದಿಂದ ಹಿಂಗ,” ಎಂದ ಅವನು. “ಗಣಿಯೊಳಗೂ ಹಿಂಗ. ಮ್ಯಾಲ ಹೇಳಬ್ಯಾಡಲೇ. ನಿನ್ನ ಕಾಲ ಬೀಳ್ತೀನಿ, ಹೇಳಬ್ಯಾಡ.”

ದಂಡೆ ಹತ್ತಿ ನಾಲ್ಕು ಹೆಜ್ಜೆ ಓಡಿರಬೇಕು, ಮೊದಲನೆಯದು ಹಾರಿತು. ಬೆನ್ನಿನ ಮೇಲೆ ಕಲ್ಲಿನ ಚೂರು ಬಿದ್ದವು. ಎರಡನೆಯದೂ ಹಾರಿತು. ಆಮೇಲೆ ಸದ್ದಿಲ್ಲ. ಮಣ್ಣಿನಲ್ಲಿ ಮುಖ ಇಟ್ಟುಕೊಂಡು ಮಲಗಿದ್ದ ಎಲ್ಲರೂ ಎರಡರ ಮುಂದೆ ಮೂರು ಬರಲಿ ಎಂದು ಕಾಯುತ್ತಿದ್ದರು, ಬರುವುದಿಲ್ಲ ಎಂದು ಗೊತ್ತಿದ್ದವರು ನಾವಿಬ್ಬರೇ.

ಅಪ್ಪ ಪಂಚೆ ಕೊಡವಿಕೊಂಡು ಎದ್ದು ಬಂದ. “ಐದು ಕುಳಿ ಇದ್ವು. ಎರಡ ಹಾರ್ಯಾವ. ಏನಾತು?” ಎಂದ. ಹಿರಿಯರು, ಕೂಲಿಯವರು ಎಲ್ಲ ಸುತ್ತ ನಿಂತರು. ಭಾವ ತಲೆ ಎತ್ತಲಿಲ್ಲ. ಕೆಂಡ ಜಾರಿತು, ನೀರಿಗೆ ಬಿದ್ದು ಆರಿತು, ಹೀಗೆ ಏನಾದರೂ ಹೇಳಲು ನಾನು ಬಾಯಿ ತೆರೆದೆ. ಆದರೆ ಕೆಂಡ ತುಂಬಿದ ಚಿಲುಮೆ ಇನ್ನೂ ಅವನ ಕೈಯಲ್ಲೇ ಇತ್ತು. ಎಲ್ಲರೂ ಅದನ್ನೇ ನೋಡುತ್ತಿದ್ದರು.

“ಕುಡದಿದ್ದೆ ಮಾವಾ,” ಎಂದ ಭಾವ.

ಅಪ್ಪನಿಗೆ ಮೊದಲು ಅರ್ಥವಾಗಲಿಲ್ಲ. “ಏನಂದಿ?”

“ಮುಂಜಾನೆ ಕುಡದ ಬಂದಿದ್ದೆ. ನಶಾದಾಗ ಕೈ ಕಾಲು ಆಡ್ಲಿಲ್ಲ.”

“ಲಿಂಗ ಮುಟ್ಟಿ ಆಣಿ ಮಾಡಿ ಕುಡದೀಯಾ?” ಅಪ್ಪನ ದನಿ ಒಡೆಯಿತು. ಅವನು ಬೈದಿದ್ದರೆ ಸಹಿಸಬಹುದಿತ್ತು, ಹೊಡೆದಿದ್ದರೂ ಸಹಿಸಬಹುದಿತ್ತು. ಒಂದು ಹೆಜ್ಜೆ ಹಿಂದೆ ಸರಿದ. ಮೈಲಿಗೆ ತಾಗೀತು ಎಂಬ ಹಾಗೆ ಸೆರಗಿನಂತೆ ಶಲ್ಯವನ್ನು ಮೈಗೆ ಸುತ್ತಿಕೊಂಡ. ಆಮೇಲೆ ನನ್ನ ಕಡೆ ತಿರುಗಿದ. “ನೀ ಕೆಳಗ ಹೋಗಿದ್ದಿ. ವಾಸನಿ ಬಂತೇನು? ಖರೇ ಹೇಳು.”

ಭಾವ ಆಗ ತಲೆ ಎತ್ತಿ ನನ್ನನ್ನು ನೋಡಿದ. ಅವನ ಲೆಕ್ಕ ನನಗೆ ಅರ್ಥವಾಯಿತು. ಕುಡುಕನಿಗೆ ಮದ್ದಿನ ಕೆಲಸ ಕೊಡುವವರು ಇದ್ದೇ ಇರುತ್ತಾರೆ. ಎಲ್ಲ ಬತ್ತಿ ಹಚ್ಚುವವರೂ ಕುಡಿಯುತ್ತಾರೆ ಎಂದು ಜನ ನಕ್ಕು ಬಿಡುತ್ತಾರೆ. ಅಂಜುಬುರುಕ ಎಂದು ಒಂದು ಸಲ ಹೆಸರು ಬಂದರೆ ಮಸ್ಕಿಯಿಂದ ಲಿಂಗಸುಗೂರಿನತನಕ ಯಾರೂ ಬಾವಿಯ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಅದಕ್ಕಿಂತಲೂ ಹೆಚ್ಚು, ದಾರಿಯಲ್ಲಿ ಯಾರೂ ಸರಿದು ನಿಲ್ಲುವುದಿಲ್ಲ. ನನ್ನ ತಂಗಿಯನ್ನು ಬಿಟ್ಟುಕೊಡಲು ಅವನು ತಯಾರಾಗಿದ್ದ, ಇದನ್ನು ಬಿಟ್ಟುಕೊಡಲು ತಯಾರಿರಲಿಲ್ಲ. ಸಾಲಗುಂದದವನು ಪಕ್ಕದಲ್ಲಿ ನಿಂತು ಹಗ್ಗ ಸುತ್ತುತ್ತಿದ್ದ. ಅವನಿಗೂ ಎಲ್ಲ ಗೊತ್ತಿತ್ತು, ಅವನೂ ಬಾಯಿ ಬಿಡಲಿಲ್ಲ.

“ಬಂತು,” ಎಂದೆ.

ಅಪ್ಪ ಬಂಡಿ ಹೂಡಿಸಿಕೊಂಡು ಹೊರಟುಹೋದ. ಭಾವ ಉಳಿದ ಮೂರು ಕುಳಿಗಳನ್ನು ಮುಟ್ಟಲಿಲ್ಲ, ಸಾಮಾನು ಕಟ್ಟಿಕೊಂಡು ಮಸ್ಕಿಯ ದಾರಿ ಹಿಡಿದ. ನಾನು ಹಿಂದೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ತಂಗಿ ರೊಟ್ಟಿ ಬಡಿಯುತ್ತಿದ್ದಳು. ರಾತ್ರಿಯೆಲ್ಲ ಅತ್ತಿದ್ದಳೆಂದು ಮುಖ ಹೇಳುತ್ತಿತ್ತು. ಸುಲಿದ ಅಂಗೈಗೆ ಎಣ್ಣೆ ಕೇಳಲು ನಾನು ಒಳಗೆ ಹೋದೆ. ಅವಳು ಬಡಿಯುವುದನ್ನು ನಿಲ್ಲಿಸಿದಳು.

“ಅಣ್ಣಾ, ಅವ ಕುಡದಿದ್ದನೇನು?”

“ಹೂಂ.”

“ಲಿಂಗ ಮುಟ್ಟಿ ಆಣಿ ಮಾಡಿದ ಮ್ಯಾಲ ಅವ ಕುಡಿಯಂಗಿಲ್ಲ. ನನಗ ಗೊತ್ತೈತಿ.” ಹಿಟ್ಟಿನ ಕೈಯಿಂದಲೇ ಕಣ್ಣು ಒರೆಸಿಕೊಂಡಳು. “ಅವಗ ಅಂಜಿಕಿ ಐತಿ. ಇಳಿಯೂ ದಿನ ಅವಗ ಅನ್ನ ಸೇರೂದಿಲ್ಲ. ನಾ ಕಟ್ಟಿ ಕಳಿಸಿದ ಬುತ್ತಿ ಅರ್ಧ ತಿರುಗಿ ಬರ್ತಿತ್ತಲ್ಲ, ನಾ ನೋಡ್ತಿದ್ದೆ. ಅಂಜೂ ಗಂಡ ನನಗ ಆಗ್ತಾನ. ಹೋಗಿ ಅಪ್ಪಗ ಹೇಳು.”

ಏಳು ಆಳಿನ ಆಳಕ್ಕೆ ಇಳಿದು ನಾನು ಕಂಡದ್ದನ್ನು ಅವಳು ಒಲೆಯ ಮುಂದೆ ಕೂತು ಕಂಡಿದ್ದಳು.

“ಹೋಗು. ಈಗ ಪೂಜಿ ಮುಗದೈತಿ. ನೀ ಹೇಳಿದ್ರ ನಂಬ್ತಾನ.”

ನಾನು ಎದ್ದು ಪಡಸಾಲೆಗೆ ಹೋದೆ. ಅಪ್ಪ ಕಂಬಕ್ಕೆ ಒರಗಿ ಕೂತಿದ್ದ. ನನ್ನನ್ನು ನೋಡಿ, “ಕೈ ಹೆಂಗೈತಿ?” ಎಂದು ಕೇಳಿದ. ನಿನ್ನೆ ಸುಳ್ಳು ಹೇಳಿದೆ ಎನ್ನಬೇಕಿತ್ತು. ಲಿಂಗದ ಆಣೆಯ ವಿಷಯದಲ್ಲಿ, ಹಿರಿಯರ ಮುಂದೆ, ಅಪ್ಪನ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದೆ ಎನ್ನಬೇಕಿತ್ತು. ಭಾವ ಅಷ್ಟು ಬೇಡಿಕೊಂಡ ಮೇಲೆ ಹೇಳಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಅದು ನೆಪ. ಈಗ ಅಂಜಿದವನು ನಾನು.

“ಆರಾಮ ಐತಿ,” ಎಂದೆ. ಅಡುಗೆಮನೆಯಲ್ಲಿ ರೊಟ್ಟಿಯ ಸದ್ದು ಇನ್ನೂ ಶುರುವಾಗಿರಲಿಲ್ಲ, ಅವಳು ಕಿವಿಗೊಟ್ಟು ಕೇಳುತ್ತಿದ್ದಳು. ನಾನು ಮೆಟ್ಟು ಮೆಟ್ಟಿಕೊಂಡು ಹೊರಗೆ ಹೋದೆ.